ಪ್ರೋಬಯಾಟಿಕ್ ಶುರು ಮಾಡಿದರೆ ಕೊಲೈಟಿಸ್ ಮಾತ್ರೆ ಬಿಡಬಹುದಾ?

ದಾವಣಗೆರೆ_ಅಕ್ಕ:
ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಕೊಲೊನೋಸ್ಕೋಪಿ ಮಾಡಿ, ದೊಡ್ಡ ಕರುಳಿನ ಎಡಭಾಗದಲ್ಲಿ ಹುಣ್ಣಾಗಿದೆ ಅಂದರು. ಕರುಳಿನ ಉರಿಯೂತ ಇಳಿಸುವ ಮೆಸಲಮಿನ್ ಮಾತ್ರೆ ನಡೆಯುತ್ತಿದೆ. ರಕ್ತ ಹೋಗುವುದು ನಿಂತಿದೆ, ಆದರೆ ಬೆಳಗ್ಗೆ ಎದ್ದ ಕೂಡಲೇ ಓಡಬೇಕು, ದೂರದ ಬಸ್ ಹತ್ತುವುದಕ್ಕೇ ಹೆದರುತ್ತಾನೆ. ಈಗ ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ ಮೆಡಿಕಲ್ ಶಾಪಿನಿಂದ ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಅನ್ನುವ ಜೀವಂತ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ತಂದಿಟ್ಟುಕೊಂಡಿದ್ದಾನೆ. ಡಬ್ಬಿ ಮೇಲೆ ಒಂದು ಕ್ಯಾಪ್ಸೂಲಿಗೆ 5 ಬಿಲಿಯನ್ ಬ್ಯಾಕ್ಟೀರಿಯಾ ಅಂತಿದೆ. "ಜೀವನಪೂರ್ತಿ ಮಾತ್ರೆ ನುಂಗೋದಕ್ಕಿಂತ ಇದು ವಾಸಿ ಅಲ್ವಾ ಅಕ್ಕಾ" ಅಂತಾನೆ. ಇದರಿಂದ ನಿಜವಾಗಿ ಗುಣ ಕಂಡವರು ಇದ್ದೀರಾ?

ಹುಳಿಮಜ್ಜಿಗೆ:
ಅಂಗಡಿ ಕ್ಯಾಪ್ಸೂಲ್ ಎಲ್ಲ ದುಡ್ಡು ಮಾಡುವ ದಾರಿ ಅಕ್ಕಾ. ಮನೆ ಮಜ್ಜಿಗೆ, ರಾಗಿ ಅಂಬಲಿ ಕೊಡಿ. ಅದರಲ್ಲಿ ಇಲ್ಲದ ಬ್ಯಾಕ್ಟೀರಿಯಾ ಯಾವುದಿದೆ?

ಸೂಕ್ಷ್ಮದರ್ಶಕ:
ಮಜ್ಜಿಗೆ ಒಗ್ಗಿದರೆ ಧಾರಾಳವಾಗಿ ಕುಡಿಯಲಿ, ಆದರೆ ಅದು ಊಟ, ಔಷಧಿ ಅಲ್ಲ. ನಾನು ಮೈಕ್ರೋಬಯಾಲಜಿ ಪಾಠ ಮಾಡುವವಳು. ಬ್ಯಾಕ್ಟೀರಿಯಾ ಅಂದರೆ ಎಲ್ಲ ಒಂದೇ ಅಂತ ತಿಳಿಯುವುದರಿಂದಲೇ ಈ ಗೊಂದಲ.

ಕೊಲೈಟಿಸ್‌ನಲ್ಲಿ ಒಂದಿಷ್ಟು ಆಧಾರ ಇರುವುದು ಕೆಲವೇ ತಳಿಗಳಿಗೆ. ಒಂದು, ಇ. ಕೋಲಿ ನಿಸ್ಲೆ 1917. ಹೌದು, ಭೇದಿ ತರುತ್ತೆ ಅಂತ ಹೆಸರು ಕೆಡಿಸಿಕೊಂಡ ಇ. ಕೋಲಿನೇ! ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜೊತೆಯವರಿಗೆಲ್ಲ ಭೇದಿ ಹಿಡಿದಾಗ ಒಬ್ಬ ಜರ್ಮನ್ ಸೈನಿಕನಿಗೆ ಮಾತ್ರ ಏನೂ ಆಗಲಿಲ್ಲ, ಅವನ ಮಲದಿಂದಲೇ ಆಲ್ಫ್ರೆಡ್ ನಿಸ್ಲೆ ಇದನ್ನು ಬೇರ್ಪಡಿಸಿದ್ದು. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 327 ರೋಗಿಗಳಿಗೆ ಒಂದು ವರ್ಷ ಇದನ್ನು ಇಲ್ಲವೇ ಮೆಸಲಮಿನ್ ಕೊಟ್ಟು ನೋಡಿದರು. ಕಾಯಿಲೆ ಮತ್ತೆ ಕೆರಳಿದ್ದು ನಿಸ್ಲೆ ತಗೊಂಡವರಲ್ಲಿ ನೂರಕ್ಕೆ ಸುಮಾರು 36, ಮೆಸಲಮಿನ್‌ನವರಲ್ಲಿ 34. ಹೆಚ್ಚುಕಡಿಮೆ ಸಮ. ಆದರೆ ಅವರೆಲ್ಲ ಆಗಲೇ ಕಾಯಿಲೆ ಹಿಡಿತಕ್ಕೆ ಬಂದಿದ್ದವರು, ತಗೊಂಡದ್ದು ಅದೇ ತಳಿ. ನಿಮ್ಮ ಡಬ್ಬಿಯಲ್ಲಿರುವುದು ಅದಲ್ಲ ಅಂತ ಕಾಣುತ್ತೆ.

ಇನ್ನೊಂದು, ಎಂಟು ತಳಿಗಳ ಮಿಶ್ರಣ, ವಿಎಸ್ಎಲ್#3. 2009ರಲ್ಲಿ ನಮ್ಮ ದೇಶದಲ್ಲೇ, ಲುಧಿಯಾನದವರು ಮುಂದಾಗಿ, 147 ಜನರ ಮೇಲೆ ಪರೀಕ್ಷೆ ಮಾಡಿದರು. 12 ವಾರಕ್ಕೆ ಕಾಯಿಲೆ ತಣ್ಣಗಾದದ್ದು ನೂರಕ್ಕೆ 43 ಜನರಲ್ಲಿ, ಹುಸಿಮಾತ್ರೆಯವರಲ್ಲಿ 16. ಚೆನ್ನಾಗೇ ಇದೆ. ಆದರೆ ಪ್ರಮಾಣ ನೋಡಿ: ಹೊತ್ತಿಗೆ 3.6 ಲಕ್ಷ ಕೋಟಿ ಬ್ಯಾಕ್ಟೀರಿಯಾ, ದಿನಕ್ಕೆ ಎರಡು ಹೊತ್ತು. 5 ಬಿಲಿಯನ್ ಅಂದರೆ 500 ಕೋಟಿ. ಆ ಲೆಕ್ಕದಲ್ಲಿ ನಿಮ್ಮ ತಮ್ಮ ಒಂದು ಹೊತ್ತಿಗೆ 720 ಕ್ಯಾಪ್ಸೂಲ್ ನುಂಗಬೇಕು! ಅಷ್ಟು ನುಂಗಿದರೂ ತಳಿ ಬೇರೆಯಾದರೆ ಫಲ ಅದೇ ಅಂತ ಹೇಳಲಾಗದು. ಇನ್ನೂ ಒಂದು ತಲೆನೋವು ಇದೆ. 2016ರಲ್ಲಿ ಆ ಮಿಶ್ರಣ ಕಂಡುಹಿಡಿದವರಿಗೂ ಕಂಪನಿಗೂ ಸಂಬಂಧ ಮುರಿದು, ಈಗ ಅದೇ ಹೆಸರಲ್ಲಿ ಸಿಗುವುದು ಹಳೇ ಸೂತ್ರದ್ದೇ ಅಂತ ಎಲ್ಲ ಕಡೆ ನಂಬುವ ಹಾಗಿಲ್ಲ.

ಹುಳಿಮಜ್ಜಿಗೆ:
720 🙏 ಮಜ್ಜಿಗೆ ಕುಡ್ಕೊಂಡು ಸುಮ್ನೆ ಇರ್ತೀನಿ ಮೇಡಂ.

ಕರುಳಬೇನೆ:
ಅಕ್ಕಾ, ನನಗೂ ಇದೇ ಕಾಯಿಲೆ, ಬೆಂಗಳೂರಲ್ಲಿ ಕೆಲಸ. ಮೆಟ್ರೋ ಹತ್ತುವ ಮೊದಲು ಯಾವ ಸ್ಟೇಷನ್ನಿನಲ್ಲಿ ಟಾಯ್ಲೆಟ್ ಇದೆ ಅಂತ ನೋಡಿಕೊಳ್ಳುವ ಜಾತಿ ನಾವು, ತಮ್ಮನ ಕಷ್ಟ ಅರ್ಥ ಆಗುತ್ತೆ. ಡಾಕ್ಟರನ್ನು ಕೇಳದೆ ಮೆಸಲಮಿನ್ ಬಿಡಬೇಡಿ ಅಂತ ಹೇಳಿ. ಪ್ರೋಬಯಾಟಿಕ್ ಸೇರಿಸುವುದು ಬೇರೆ, ಅದಕ್ಕೆ ಬದಲು ಇದು ಅನ್ನುವುದು ಬೇರೆ. 2010ರ ಇಟಲಿಯ ಅಧ್ಯಯನದಲ್ಲೂ ಇದ್ದ ಔಷಧಿ ಮುಂದುವರಿಸಿಕೊಂಡೇ ವಿಎಸ್ಎಲ್#3 ಕೊಟ್ಟಿದ್ದರು.

ಅದಕ್ಕಿಂತ ಮುಖ್ಯ, ಎಡಭಾಗದ್ದು ಅಂದಿರಲ್ಲ, ಎನಿಮಾ ರೂಪದ ಮೆಸಲಮಿನ್ ಬರೆದುಕೊಟ್ಟಿದ್ದಾರಾ? ಬಾಯಿಂದಲೂ ಹಿಂದಿನಿಂದಲೂ ಕೊಟ್ಟರೆ ಬರೀ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಮುಜುಗರಕ್ಕೆ ನಮ್ಮ ಹುಡುಗರು ಬೇಡ ಅಂದುಬಿಡ್ತಾರೆ. ರಾತ್ರಿ ಮಲಗುವಾಗ ಎಡ ಮಗ್ಗುಲಾಗಿ ತಗೊಂಡು ಹಾಗೇ ಮಲಗಿಬಿಡುವುದು, ಅಷ್ಟೇ.

ದಾವಣಗೆರೆ_ಅಕ್ಕ:
ಎನಿಮಾ ಬರೆದುಕೊಟ್ಟಿದ್ದರಂತೆ! ಈಗ ಕೇಳಿದ ಮೇಲೆ ಹೇಳ್ತಾನೆ, ಡಬ್ಬ ಬೀರುವಿನಲ್ಲೇ ಇದೆ. ಕ್ಯಾಪ್ಸೂಲ್ ತಗೊಂಡರೆ ತೊಂದರೆ ಏನಾದರೂ ಇದೆಯಾ? ನಮ್ಮ ಅತ್ತಿಗೆಯ ಅಣ್ಣನಿಗೆ ಕ್ರೋನ್ಸ್, ಇದೇ ತರಹದ ಇನ್ನೊಂದು ಕರುಳಿನ ಉರಿಯೂತದ ಕಾಯಿಲೆ, ಅವರೂ ಕೇಳುತ್ತಿದ್ದರು.

ಸೂಕ್ಷ್ಮದರ್ಶಕ:
ಕ್ರೋನ್ಸ್‌ಗೆ ಆಧಾರ ಇನ್ನೂ ಕಮ್ಮಿ. ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುವ ಯೀಸ್ಟನ್ನು 165 ಜನರಿಗೆ ಒಂದು ವರ್ಷ ಕೊಟ್ಟು ನೋಡಿ, ಪ್ರಯೋಜನ ಇಲ್ಲ ಅಂತ 2013ರಲ್ಲಿ ಬರೆದರು. 2020ರಲ್ಲಿ ಅಮೆರಿಕದ ಗ್ಯಾಸ್ಟ್ರೋ ವೈದ್ಯರ ಸಂಘ ಕ್ರೋನ್ಸ್‌ಗೂ ಕೊಲೈಟಿಸ್‌ಗೂ ಪ್ರೋಬಯಾಟಿಕ್‌ಗಳನ್ನು ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ಕೊಡಿ ಅಂದಿತು. ದೊಡ್ಡ ಕರುಳು ತೆಗೆದು ಸಣ್ಣ ಕರುಳಿನಲ್ಲೇ ಚೀಲ ಮಾಡಿರುತ್ತಾರಲ್ಲ, ಆ ಚೀಲದ ಉರಿಯೂತಕ್ಕೆ ಮಾತ್ರ ಎಂಟು ತಳಿಯ ಮಿಶ್ರಣ ನೋಡಬಹುದು ಅಂತು, ಅದೂ ಅರ್ಧ ಮನಸ್ಸಿನಿಂದ.

ತೊಂದರೆ ಅಂದರೆ, ಹೆಚ್ಚಿನವರಿಗೆ ಗ್ಯಾಸು, ಹೊಟ್ಟೆಉಬ್ಬರ, ಅಷ್ಟೇ. ಆದರೆ ಆಸ್ಪತ್ರೆಯಲ್ಲಿ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕಿದ್ದರೆ, ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿದ್ದರೆ, ಆ ಯೀಸ್ಟ್ ರಕ್ತಕ್ಕೇ ಸೇರಿದ ಉದಾಹರಣೆಗಳಿವೆ. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್, ಅಜಾಥಯೋಪ್ರಿನ್ ತರಹದ ಔಷಧಿ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಕರುಳಬೇನೆ:
ಮುಂದಿನ ಸಲ ಹೋದಾಗ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬಗ್ಗೆ ಕೇಳಿ. ಒಳಗಿನ ಉರಿಯೂತ ಇಳಿದಿದೆಯಾ ಅಂತ ಸುಮಾರಾಗಿ ಗೊತ್ತಾಗುತ್ತೆ. ತಮ್ಮ ತಲೆನೋವಿಗೋ ಹಲ್ಲುನೋವಿಗೋ ಬ್ರೂಫೆನ್ ತರಹದ ಮಾತ್ರೆ ನುಂಗಿದ್ದರೆ ಮೊದಲೇ ಹೇಳಿಬಿಡಲಿ, ಅದರಿಂದಲೂ ಆ ಲೆಕ್ಕ ಏರುತ್ತೆ.