ಅಪ್‌ಡೇಟ್: ಎಂಟಿ-32 ಬಿಟ್ಟು ಎಸ್‌ಸಿ-55 ತಗೊಂಡೆ

ಹಳೇ ಡಾಸ್ ಗೇಮ್‌ಗಳ ಸಂಗೀತಕ್ಕೆ ರೋಲ್ಯಾಂಡ್ ಕಂಪನಿಯ ಸೌಂಡ್ ಮಾಡ್ಯೂಲ್‌ಗಳಲ್ಲಿ (ಕಂಪ್ಯೂಟರ್ ಕಳಿಸುವ ಸೂಚನೆಯಂತೆ ವಾದ್ಯಗಳನ್ನು ನುಡಿಸುವ ಪೆಟ್ಟಿಗೆಗಳು) ಎಂಟಿ-32 ತಗೊಳ್ಳಲೋ ಎಸ್‌ಸಿ-55 ತಗೊಳ್ಳಲೋ ಅಂತ ಕೇಳಿದ್ದೆನಲ್ಲ, ಕೊನೆಗೆ ಎಸ್‌ಸಿ-55 ತಗೊಂಡೆ. ನಾನು ಆಡೋದು ಹೆಚ್ಚಾಗಿ 1992ರ ನಂತರದ ಗೇಮ್‌ಗಳು, ಅವುಗಳಲ್ಲಿ ಬಹುಪಾಲಿಗೆ ಜನರಲ್ ಮಿಡಿ (ಯಾವ ನಂಬರಿಗೆ ಯಾವ ವಾದ್ಯ ಅಂತ ನಿಗದಿ ಮಾಡುವ ಸ್ಟ್ಯಾಂಡರ್ಡ್) ಇದೆ, ಎಸ್‌ಸಿ-55 ನುಡಿಸೋದೂ ಅದನ್ನೇ. ‘ಡೂಮ್’ ಹಾಕಿ ನೋಡಿದೆ: ಸೌಂಡ್ ಬ್ಲಾಸ್ಟರ್ ಸೌಂಡ್ ಕಾರ್ಡ್‌ನಲ್ಲಿ ವಾದ್ಯಗಳ ಧ್ವನಿಯನ್ನು ಕೃತಕವಾಗಿ ಹುಟ್ಟಿಸುವ ಎಫ್‌ಎಂ ಚಿಪ್‌ನಲ್ಲಿ ಡಬ್ಬ ಬಡಿದ ಹಾಗಿದ್ದ ಡ್ರಮ್ಸ್ ಈಗ ಡ್ರಮ್ಸ್ ಥರಾನೇ ಕೇಳುತ್ತೆ!

1987ರ ಎಂಟಿ-32 ಜನರಲ್ ಮಿಡಿಗಿಂತ ಮೊದಲಿನದು, ವಾದ್ಯಗಳ ನಂಬರೇ ಬೇರೆ. ಅದಕ್ಕೆ ಬರೆದ ಸಂಗೀತವನ್ನು ಎಸ್‌ಸಿ-55ರಲ್ಲಿ ಹಾಗೇ ನುಡಿಸಿದರೆ ಆರ್ಗನ್ ಬರಬೇಕಾದ ಕಡೆ ಸೆಲೆಸ್ಟಾ (ಪುಟ್ಟ ಗಂಟೆಯಂಥ ನಾದದ ಕೀಬೋರ್ಡ್ ವಾದ್ಯ) ಟಿಣ್ ಟಿಣ್ ಅನ್ನುತ್ತೆ. ಎಸ್‌ಸಿ-55ರಲ್ಲಿ ಎಂಟಿ-32 ಮೋಡ್ ಏನೋ ಇದೆ, ಆದರೆ ಗೇಮ್ ತಾನೇ ಕಳಿಸುವ ವಿಶೇಷ ಸೌಂಡ್‌ಗಳನ್ನು ಅದು ತಗೊಳ್ಳಲ್ಲ. ಹಾಗಾಗಿ ಸಿಯೆರಾ ಕಂಪನಿಯ ಹಳೇ ಗೇಮ್‌ಗಳಿಗೆ, ಎಂಟಿ-32ನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಮಂಟ್ ಎಮ್ಯುಲೇಟರ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಎಂಟಿ-32ರ ROM ಫೈಲ್‌ಗಳು (ಅದರ ಚಿಪ್‌ಗಳಲ್ಲಿರುವ ಪ್ರೋಗ್ರಾಂ ಮತ್ತು ಧ್ವನಿಗಳ ನಕಲು) ಬೇಕೇ ಬೇಕು.