ಹಳೇ ಪೆಟ್ರೋಲ್ ಬಂಕ್ ಇದ್ದ ಸೈಟ್‌ನಲ್ಲಿ ಬೋರ್ ಕೊರೆಸಬಹುದಾ?

ಹೊಸಮನೆ_ನೆಲಮಂಗಲ:
ನೆಲಮಂಗಲದ ಕಡೆ ಒಂದು 60×40 ಸೈಟ್ ನೋಡಿದ್ದೇವೆ. ಅಕ್ಕಪಕ್ಕಕ್ಕಿಂತ ರೇಟು ಕಡಿಮೆ. ವಿಚಾರಿಸಿದರೆ, ಮೊದಲು ಅಲ್ಲಿ ಪೆಟ್ರೋಲ್ ಬಂಕ್ ಇತ್ತಂತೆ. ಎಂಬತ್ತರ ದಶಕದ್ದು, ಮುಚ್ಚಿ ಹತ್ತು ವರ್ಷದ ಮೇಲಾಯಿತು. ಟ್ಯಾಂಕ್ ತೆಗೆದಿದ್ದಾರೆ ಅಂತ ಮಾಲೀಕರು ಹೇಳುತ್ತಾರೆ. ಅಲ್ಲಿಗೆ ಪೈಪ್ ನೀರು ಬರಲ್ಲ, ಬೋರೇ ಗತಿ. ಹಿಂದಿನ ಮೂಲೆಯಲ್ಲಿ ಮರಳು ತುಂಬಿದ ಜಾಗ ಇದೆ, ನೀರು ಚೆನ್ನಾಗಿ ಇಳಿಯುತ್ತೆ, ಇಂಗುಗುಂಡಿ ಅಲ್ಲೇ ಮಾಡಿ ಅಂತ ಮೇಸ್ತ್ರಿ ಸಲಹೆ. ಮನೆಯಲ್ಲಿ ಚಿಕ್ಕ ಮಗು ಇದೆ. ತಿಳಿದವರು ಹೇಳಿ.

ತೋಟದಮನೆ:
ಇಷ್ಟು ವರ್ಷಕ್ಕೆ ಪೆಟ್ರೋಲ್ ಆವಿಯಾಗಿ ಹೋಗಿರುತ್ತೆ ಸರ್. 800 ಅಡಿ ಕೊರೆಸಿ, ಕೇಸಿಂಗ್ ಇಳಿಸಿ. ಟಿಡಿಎಸ್ ಮೀಟರ್‌ನಲ್ಲಿ ನೋಡಿಕೊಂಡರೆ ಆಯ್ತು.

ಕಲ್ಲುನೀರು:
ದಯವಿಟ್ಟು ಆ ಮರಳಿನ ಜಾಗದಲ್ಲಿ ಇಂಗುಗುಂಡಿ ಮಾಡಿಸಬೇಡಿ. ನನ್ನ ಕೆಲಸವೇ ಬೋರ್ ಪಾಯಿಂಟ್ ನೋಡುವುದು, ಅಂತರ್ಜಲ ಪರೀಕ್ಷೆ ಮಾಡುವುದು. ಬಂಕ್ ಜಾಗದ ಮೂಲೆಯಲ್ಲಿ ಮರಳು ತುಂಬಿದೆ ಎಂದರೆ, ಅದು ಟ್ಯಾಂಕ್ ಹೂತಿದ್ದ ಗುಂಡಿಯೇ ಇರಬೇಕು. ಟ್ಯಾಂಕಿನ ಸುತ್ತ ಮರಳು ತುಂಬುವುದು ರೂಢಿ. ಅಲ್ಲಿಗೆ ಮಳೆನೀರು ಬಿಟ್ಟರೆ, ಮಣ್ಣಲ್ಲಿ ಅಂಟಿ ಕೂತ ಪೆಟ್ರೋಲನ್ನು ನೀವೇ ತೊಳೆದು ಕೆಳಗೆ ಕಳಿಸಿದಂತೆ.

ನಮ್ಮ ಕಡೆಯ ನೆಲ ಹೇಗಿದೆ ಗೊತ್ತಲ್ವಾ? ಮೇಲೆ ಕೆಂಪು ಮಣ್ಣು. ಅದರಡಿ ಸವೆದು ಪುಡಿಯಾದ ಕಲ್ಲು. ಇದು ಒಂದು ಕಡೆ 20 ಅಡಿ ಇದ್ದರೆ ಇನ್ನೊಂದು ಕಡೆ 80 ಅಡಿ ಇರಬಹುದು. ಅದರ ಕೆಳಗೆ ನೈಸ್ (gneiss) ಅನ್ನುವ ಜಾತಿಯ ಗಟ್ಟಿ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಬಂಡೆಯೊಳಗೆ ನೀರು ಇರುವುದು, ಹರಿಯುವುದು ಬಿರುಕುಗಳಲ್ಲಿ ಮಾತ್ರ. ಪೆಟ್ರೋಲ್ ನೀರಿಗಿಂತ ಹಗುರ, ಹಾಗಾಗಿ ಪುಡಿಕಲ್ಲಿನ ಪದರದಲ್ಲಿ ನೀರಿನ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಅದೂ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಅದರಲ್ಲಿ ಒಂದಷ್ಟು ನೀರಿನಡಿ ಕಲ್ಲಿನ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲ್ ತಿಂದು ಕಡಿಮೆ ಮಾಡುವುದು ನಿಜ. ಆದರೆ ಗಾಳಿಯಾಡದ ಕಡೆ ಆ ಕೆಲಸ ಬಹಳ ನಿಧಾನ.

ತೋಟದಮನೆಯವರೇ, ಕೇಸಿಂಗ್ ಮಾತು ಅರ್ಧ ಸರಿ. ನಮ್ಮಲ್ಲಿ ಕೇಸಿಂಗ್ ಪೈಪು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ಹಾಕುವವರು ಕಡಿಮೆ, ಕೊರೆದ ಪುಡಿಯನ್ನೇ ಸುಮ್ನೆ ತಳ್ಳಿಬಿಡುತ್ತಾರೆ. ಆ ಸಂದಿಯಿಂದ ಮೇಲಿನ ನೀರು ನೇರ ಆಳಕ್ಕೆ ಇಳಿಯುತ್ತದೆ. ಇನ್ನು ಟಿಡಿಎಸ್ ಮೀಟರ್ ಅಳೆಯುವುದು ಕರಗಿದ ಉಪ್ಪು. ಪೆಟ್ರೋಲಿನಲ್ಲಿರುವ ಬೆಂಜೀನ್ ನೀರಿಗೆ ಸೇರಿದ್ದರೂ ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ.

ಹೊಸಮನೆ_ನೆಲಮಂಗಲ:
ತುಂಬಾ ಥ್ಯಾಂಕ್ಸ್ ಮೇಡಂ. ಪಕ್ಕದ ಮನೆಯವರ ಬೋರ್ ನೀರು ಚೆನ್ನಾಗಿದೆಯಂತೆ. ಅಷ್ಟು ಸಾಕಾಗಲ್ವಾ?

ಕಲ್ಲುನೀರು:
ಸಾಲದು. ಅವರ ಬೋರ್‌ಗೂ ನಿಮ್ಮ ಜಾಗಕ್ಕೂ ಒಂದೇ ಬಿರುಕು ಸೇರದಿದ್ದರೆ, ಪಕ್ಕದಲ್ಲೇ ಇದ್ದರೂ ಅದು ಶುದ್ಧವಾಗಿರುತ್ತದೆ. ದೂರದ ಇನ್ಯಾವುದೋ ಬೋರ್ ಕೆಟ್ಟಿರಬಹುದು. ಆದರೂ ಅವರ ನೀರನ್ನು ಪರೀಕ್ಷೆ ಮಾಡಿಸಿ, ಅವರಿಗೂ ಒಳ್ಳೆಯದೇ.

ಸ್ಯಾಂಪಲ್ ಹಿಡಿಯುವುದರಲ್ಲೇ ಎಲ್ಲ ಇದೆ. ಓವರ್‌ಹೆಡ್ ಟ್ಯಾಂಕ್ ನಲ್ಲಿಯ ನೀರು ಬೇಡ, ಬೆಂಜೀನ್ ಅಲ್ಲಿ ಹಾರಿಹೋಗಿರುತ್ತದೆ. ಮೋಟಾರ್ ಸ್ವಲ್ಪ ಹೊತ್ತು ಓಡಿಸಿ, ಬೋರ್ ಬಾಯಿಯ ಹತ್ತಿರವೇ ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿ ಬೇಡ. ಲ್ಯಾಬಿನವರು 40 ಮಿಲಿಯ ಸಣ್ಣ ಗಾಜಿನ ಶೀಶೆ ಕೊಡುತ್ತಾರೆ. ನೊರೆ ಬರದ ಹಾಗೆ ನಿಧಾನವಾಗಿ ತುಂಬಿ, ಮುಚ್ಚಳ ಹಾಕಿ, ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿ. ಗುಳ್ಳೆ ಕಂಡರೆ ಬೇರೆ ಶೀಶೆ ತುಂಬಿ. ಐಸ್‌ನಲ್ಲಿಟ್ಟು ಅವತ್ತೇ ಕಳಿಸಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್ ಈ ನಾಲ್ಕು ಪೆಟ್ರೋಲ್ ಅಂಶಗಳನ್ನೂ ನೋಡಲು ಕೇಳಿ. ಮಾಮೂಲಿ ಕುಡಿಯುವ ನೀರಿನ ರಿಪೋರ್ಟಿನಲ್ಲಿ ಇವು ಇರುವುದಿಲ್ಲ. ಮಣ್ಣಿನಲ್ಲಿ ಸೀಸವನ್ನೂ ನೋಡಿಸಿ, ಯಾಕೆಂದರೆ ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ ಪೂರ್ತಿ ನಿಂತಿದ್ದು 2000ದಲ್ಲಿ.

ಅಡ್ವಾನ್ಸ್ ಕೊಡುವ ಮೊದಲು ಮಾಲೀಕರ ಹತ್ತಿರ ಬಂಕ್ ಲೈಸೆನ್ಸಿನ ನಕ್ಷೆ ಕೇಳಿ. ಟ್ಯಾಂಕ್, ಪೈಪ್‌ಲೈನ್ ಎಲ್ಲಿದ್ದವು ಅಂತ ಅದರಲ್ಲಿರುತ್ತದೆ. ಟ್ಯಾಂಕಿಗಿಂತ ಪೈಪ್ ಜಾಯಿಂಟ್‌ನಲ್ಲೇ ಸೋರಿಕೆ ಆಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಆ ಗುಂಡಿಯ ಪಕ್ಕ ಪುಡಿಕಲ್ಲಿನ ಪದರದವರೆಗೆ ಒಂದು ಸಣ್ಣ ಪರೀಕ್ಷಾ ಬೋರ್ ಹಾಕಿಸಲು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಆ ಸೈಟ್ ಬಿಟ್ಟುಬಿಡಿ.