ಅಪ್‌ಡೇಟ್: ಹಿತ್ತಲಿನ ಕೊಳಕ್ಕೆ ಮೀನು ಬಂದವು!

ಹಿತ್ತಲಿನ ಹಳೇ ಕೊಳದಲ್ಲಿ ನೀರು ನಿಲ್ಲುತ್ತಿಲ್ಲ, ಗಾಳ ಹಾಕೋಕೆ ಮತ್ತೆ ಮೀನು ಸಾಕಬಹುದಾ ಅಂತ ಕೇಳಿದ್ದೆ ಅಲ್ವಾ? ನಿಮ್ಮೆಲ್ಲರ ಸಲಹೆಯಿಂದ ಕೆಲಸ ಆಯಿತು.

ನೀರು ಖಾಲಿ ಮಾಡಿ ಹೂಳು ತೆಗೆದಾಗ ಕಾರಣ ಸಿಕ್ಕಿತು. ಏರಿಯೊಳಗೆ ಮರದ ಬೇರು ಕೊಳೆತು ನೀರಿಗೆ ದಾರಿಯಾಗಿತ್ತು. ಮೇಲೆ ಮಣ್ಣು ಮೆತ್ತಿದ್ದರೆ ಸುಮ್ನೆ ದಂಡವಾಗುತ್ತಿತ್ತು. ಬೇರು ಕಿತ್ತು, ಜೇಡಿಮಣ್ಣನ್ನು ತೆಳು ಪದರಗಳಾಗಿ ಹಾಕಿ, ಒದ್ದೆ ಮಾಡಿ ಗಟ್ಟಿಯಾಗಿ ಬಡಿದೆ. ಈಗ ಒಂದು ಹನಿಯೂ ಸೋರುತ್ತಿಲ್ಲ.

ಮೀನುಗಳಲ್ಲಿ ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಹಾಗಾಗಿ ಮೂರನ್ನೂ ತಂದೆ. ಮರಿಗಳಿದ್ದ ಚೀಲಗಳನ್ನು ಕೊಳದಲ್ಲಿ 20 ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪವೇ ಕೊಳದ ನೀರು ಬೆರೆಸಿ ಬಿಟ್ಟೆ.

ಆದರೆ ಒಂದು ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನನಗೆ ಜೀವವೇ ಹೋದ ಹಾಗಾಯಿತು. ನೀರಲ್ಲಿ ಆಮ್ಲಜನಕ ಸಾಲುತ್ತಿರಲಿಲ್ಲ: ರಾತ್ರಿ ಪಾಚಿಯೂ ಅದನ್ನು ಬಳಸುತ್ತದೆ, ನಾನು ಹಾಕುವ ಮೇವೂ ಜಾಸ್ತಿಯಾಗಿತ್ತು. ಮೇವು ಕಡಿಮೆ ಮಾಡಿ, ರಾತ್ರಿಯಿಡೀ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸುತ್ತಿದ್ದೇನೆ. ಈಗ ಎಲ್ಲಾ ಚುರುಕಾಗಿವೆ. ಬೆರಳುದ್ದದ ಮರಿಗಳು, ಗಾಳಕ್ಕೆ ಇನ್ನೂ ಕಾಯಬೇಕು. ಕಾಯುತ್ತೇನೆ.